ಹೋರ್ಡಿಂಗ್ ತೆಗೆದರೆ ಊರಿನ ಕಳೆ ಹೋಗುತ್ತದೆಯೇ?

ನಮ್ಮ ತಂಡದ ಒಬ್ಬರ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಈಚೆಗೆ ಎರಡು ಫೋಟೋಗಳ ಒಂದು ಫಾರ್ವರ್ಡ್ ಬಂತು. ಎಡಗಡೆ ಕಟ್ಟಡಗಳೇ ಕಾಣದಷ್ಟು ಹೋರ್ಡಿಂಗ್ ತುಂಬಿದ ರಸ್ತೆ. ಬಲಗಡೆ ಒಂದೂ ಜಾಹೀರಾತಿಲ್ಲದ ರಸ್ತೆ. ಕೆಳಗೆ, ‘ಬ್ರೆಜಿಲ್‌ನ ಈ ನಗರ ಎಲ್ಲ ಜಾಹೀರಾತು ಕಿತ್ತುಹಾಕಿತು. ನಮ್ಮ ಬೆಂಗಳೂರು ಯಾವಾಗ?’ ಎಂದು ಬರೆದಿತ್ತು.

ಬಸವನಗುಡಿಯ ದೊಡ್ಡಪ್ಪ ತಕ್ಷಣ ಹೆಬ್ಬೆರಳು ಒತ್ತಿದರು. ಚಾಮರಾಜಪೇಟೆಯ ಮಾವ ಒಪ್ಪಲಿಲ್ಲ. ‘ಜಾಹೀರಾತಿಲ್ಲದ ಊರಿಗೆ ಕಳೆ ಎಲ್ಲಿದೆ? ಪಾಲಿಕೆಗೆ ದುಡ್ಡು ಎಲ್ಲಿಂದ ಬರಬೇಕು?’ ಎಂದು ಕೇಳಿದರು. ಕೊನೆಗೆ ಮಲ್ಲೇಶ್ವರದ ಚಿಕ್ಕಮ್ಮನ ಮೆಸೇಜು: ‘ನಮ್ಮಲ್ಲಿ 2018ರಲ್ಲೇ ಬ್ಯಾನ್ ಆಯ್ತಲ್ಲ? ಹಾಗಾದ್ರೆ ನಮ್ಮ ಸರ್ಕಲ್‌ನಲ್ಲಿ ನೇತಾಡ್ತಾ ಇರೋದು ಏನು?’

ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮೂವರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದಾರೆ. ಜಗಳ ಬಗೆಹರಿಯದಿರುವುದಕ್ಕೆ ಅದೇ ಕಾರಣ.

ಬೋರ್ಡ್ ಬೇರೆ, ಹೋರ್ಡಿಂಗ್ ಬೇರೆ, ಫ್ಲೆಕ್ಸ್ ಬೇರೆ

ಗಾಂಧಿ ಬಜಾರಿಗೆ ಹೋಗಿ ನಿಂತುಕೊಳ್ಳಿ. 1943ರಿಂದ ಅಲ್ಲಿರುವ ವಿದ್ಯಾರ್ಥಿ ಭವನದ ಹೆಸರು ಕಾಣುತ್ತದೆ. ಆ ಬೋರ್ಡಿನ ಕೆಳಗೆ ಒಳಗೆ ಹೋದರೆ ದೋಸೆ ಸಿಗುತ್ತದೆ. ಅಂದರೆ ಅದು ‘ಇಲ್ಲಿ ಏನಿದೆ’ ಎಂದು ಹೇಳುವ ಬೋರ್ಡು. ಹೂವಿನ ಅಂಗಡಿ, ಗ್ರಂಥಿಗೆ ಅಂಗಡಿ, ಪುಸ್ತಕದ ಅಂಗಡಿ ಎಲ್ಲದಕ್ಕೂ ಇಂಥದ್ದು ಒಂದಿರುತ್ತದೆ. ದಾರಿ ಹೇಳುವಾಗ ನಾವು ಬಳಸುವುದೂ ಇದನ್ನೇ.

ಹೋರ್ಡಿಂಗ್ ಹಾಗಲ್ಲ. ಕಟ್ಟಡದ ತಾರಸಿಯ ಮೇಲೋ ಖಾಲಿ ನಿವೇಶನದಲ್ಲೋ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಆ ಜಾಗಕ್ಕೆ ಸಂಬಂಧವೇ ಇಲ್ಲದ ವಸ್ತುವನ್ನು ಮಾರುವ ಫಲಕ ಅದು. ದೇವನಹಳ್ಳಿ ಕಡೆಯ ಅಪಾರ್ಟ್‌ಮೆಂಟಿನ ಜಾಹೀರಾತು ಬುಲ್ ಟೆಂಪಲ್ ರಸ್ತೆಯಲ್ಲಿ ಇರಬಹುದು, ಮೈಸೂರಿನಲ್ಲೂ ಇರಬಹುದು. ಅದಕ್ಕೆ ಬೇಕಾಗಿರುವುದು ರಸ್ತೆಯಲ್ಲಿ ಓಡಾಡುವವರ ಕಣ್ಣು ಮಾತ್ರ. ಪಾಲಿಕೆಯ ಲೈಸೆನ್ಸು, ಶುಲ್ಕ, ಅಳತೆ, ನಿಯಮ ಎಲ್ಲವೂ ಮುಖ್ಯವಾಗಿ ಈ ಜಾತಿಯ ಫಲಕಕ್ಕೆ ಸಂಬಂಧಿಸಿದ್ದು.

ಮೂರನೆಯದು ಫ್ಲೆಕ್ಸ್. ಹುಟ್ಟುಹಬ್ಬ, ಉತ್ಸವ, ರಾಜ್ಯೋತ್ಸವ, ಶ್ರದ್ಧಾಂಜಲಿ, ನಾಯಕರ ಆಗಮನ ಎಲ್ಲಕ್ಕೂ ಇದು ಬೇಕು. ಮೇಲೆ ದೊಡ್ಡ ಮುಖ, ಕೆಳಗೆ ‘ಶುಭ ಕೋರುವವರು’ ಎಂದು ಪಾಸ್‌ಪೋರ್ಟ್ ಅಳತೆಯ ಹತ್ತಿಪ್ಪತ್ತು ಮುಖಗಳು. (ನಿಜವಾದ ಜಾಹೀರಾತು ಆ ಕೆಳಗಿನ ಸಾಲಿನದು ಎಂಬುದು ನಮ್ಮ ಅನುಮಾನ.) ಇದಕ್ಕೆ ಹೆಚ್ಚಿನ ಸಲ ಯಾರ ಅನುಮತಿಯೂ ಇರುವುದಿಲ್ಲ. ಕಂಬ, ಮರ, ಫುಟ್‌ಪಾತಿನ ಕಂಬಿ ಎಲ್ಲಿ ಸಿಕ್ಕಿತೋ ಅಲ್ಲಿ ರಾತ್ರೋರಾತ್ರಿ ಕಟ್ಟಿರುತ್ತಾರೆ.

ಮಾವ ಹೇಳಿದ ‘ಕಳೆ’ ಬರುವುದು ಮೊದಲನೆಯದರಿಂದ. ಅವರು ಹೇಳಿದ ‘ದುಡ್ಡು’ ಬರುವುದು ಎರಡನೆಯದರಿಂದ. ಚಿಕ್ಕಮ್ಮನ ಸರ್ಕಲ್‌ನಲ್ಲಿ ನೇತಾಡುತ್ತಿರುವುದು ಮೂರನೆಯದು.

2018ರಲ್ಲಿ ಆದದ್ದೇನು?

2018ರ ಆಗಸ್ಟ್ 1ರಂದು ಕರ್ನಾಟಕ ಹೈಕೋರ್ಟಿನಲ್ಲಿ ಅಕ್ರಮ ಫ್ಲೆಕ್ಸ್ ಮತ್ತು ಹೋರ್ಡಿಂಗ್‌ಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆಗೆ ಬಂದಿತ್ತು. ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಅವರಿದ್ದ ಪೀಠ ಬೆಳಿಗ್ಗೆ ಬಿಬಿಎಂಪಿಯನ್ನು ತರಾಟೆಗೆ ತೆಗೆದುಕೊಂಡು, ಅದೇ ಮಧ್ಯಾಹ್ನದೊಳಗೆ ಅಕ್ರಮ ಫ್ಲೆಕ್ಸ್ ತೆರವು ಮಾಡಲು ಹೇಳಿತು. ವರ್ಷಗಟ್ಟಲೆ ಆಗದಿದ್ದ ಕೆಲಸ ಕೆಲವು ಗಂಟೆಗಳಲ್ಲಿ ಶುರುವಾಯಿತು. ಪಾಲಿಕೆಯ ಸಿಬ್ಬಂದಿ ಸಾವಿರಾರು ಫ್ಲೆಕ್ಸ್‌ಗಳನ್ನು ಇಳಿಸಿದರು. ಕೆಲವೇ ದಿನಗಳಲ್ಲಿ, ಆಗಸ್ಟ್ 6ರಂದು, ಪಾಲಿಕೆಯ ಸಭೆ ನಗರದಲ್ಲಿ ಹೊರಾಂಗಣ ಜಾಹೀರಾತನ್ನು ಒಂದು ವರ್ಷ ನಿಷೇಧಿಸುವ ನಿರ್ಣಯ ಮಾಡಿತು.

ಆ ವಾರ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬಹುದು. ಸರ್ಕಲ್‌ಗಳಲ್ಲಿ ಏನೋ ಬದಲಾದ ಹಾಗೆ, ಯಾರೋ ಕಿಟಕಿಯ ಪರದೆ ಸರಿಸಿದ ಹಾಗೆ ಇತ್ತು. ಎಷ್ಟೋ ಕಡೆ ಕಬ್ಬಿಣದ ಚೌಕಟ್ಟುಗಳು ಮಾತ್ರ ಆಕಾಶಕ್ಕೆ ಮುಖ ಮಾಡಿ ಉಳಿದವು.

ಹಾಗಾದರೆ ಮತ್ತೆ ಹೇಗೆ ಬಂದವು? ನಿಷೇಧ ಎಂದರೆ ಪಾಲಿಕೆ ಇನ್ನು ಅನುಮತಿ ಕೊಡುವುದಿಲ್ಲ ಎಂದು ಅರ್ಥ. ಇದರಿಂದ ತೊಂದರೆಯಾದದ್ದು ಅನುಮತಿ ಪಡೆದು ಶುಲ್ಕ ಕಟ್ಟಿ ಹೋರ್ಡಿಂಗ್ ಹಾಕುತ್ತಿದ್ದವರಿಗೆ. ಮೊದಲಿಂದಲೂ ಅನುಮತಿಯನ್ನೇ ಕೇಳದಿದ್ದ ಫ್ಲೆಕ್ಸ್‌ನವರಿಗೆ ಏನೂ ಬದಲಾಗಲಿಲ್ಲ. ಕೋರ್ಟಿನ ಬಿಸಿ ಇದ್ದಷ್ಟು ದಿನ ಸುಮ್ಮನಿದ್ದರು, ಬಿಸಿ ಆರಿದ ಮೇಲೆ ಏಣಿ ತಂದರು.

ಶಿಕ್ಷೆಯ ಲೆಕ್ಕ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಜಾಹೀರಾತು ಹಾಕುವುದು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1981ರಲ್ಲಿ ಸಾವಿರ ರೂಪಾಯಿ ದೊಡ್ಡ ಮೊತ್ತ. ಈಗ ಫ್ಲೆಕ್ಸ್ ಮುದ್ರಣಕ್ಕೆ ಚದರಡಿಗೆ ಹತ್ತಿಪ್ಪತ್ತು ರೂಪಾಯಿ ಎಂದಿಟ್ಟುಕೊಂಡರೆ, 10 ಅಡಿ ಅಗಲ 8 ಅಡಿ ಎತ್ತರದ ಒಂದು ಫ್ಲೆಕ್ಸಿಗೇ 800ರಿಂದ 1,600 ರೂಪಾಯಿ ಆಗುತ್ತದೆ. ಸಿಕ್ಕಿಬಿದ್ದರೂ ದಂಡ ಇನ್ನೊಂದು ಫ್ಲೆಕ್ಸಿನ ಖರ್ಚಿನಷ್ಟೇ. 2023ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಕ್ರಮ ಫ್ಲೆಕ್ಸಿಗೆ 50,000 ರೂಪಾಯಿ ದಂಡ ಎಂದು ಘೋಷಿಸಿದ್ದು ಈ ಹಿನ್ನೆಲೆಯಲ್ಲಿ. ಘೋಷಣೆ ಆದ ಮೇಲೂ ಸರ್ಕಲ್‌ಗಳು ಹೇಗಿವೆ ಎಂಬುದು ನಿಮಗೇ ಗೊತ್ತು. ಈ ನಡುವೆ 2024ರಲ್ಲಿ ಪಾಲಿಕೆ ಹೊಸ ಜಾಹೀರಾತು ಬೈಲಾದ ಕರಡು ಹೊರಡಿಸಿತು. ಅಗಲವಾದ ರಸ್ತೆಗಳಲ್ಲಿ ಹರಾಜಿನ ಮೂಲಕ ಜಾಹೀರಾತಿಗೆ ಮತ್ತೆ ಜಾಗ ಕೊಡುವುದು ಅದರ ಉದ್ದೇಶ.

ಆದ್ದರಿಂದ ‘ಬೆಂಗಳೂರಿನಲ್ಲಿ ಹೋರ್ಡಿಂಗ್ ಪೂರ್ತಿ ಬ್ಯಾನ್’ ಎಂಬ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ. 2018ರ ಸುದ್ದಿ ನಿಜ, ಆದರೆ ಅದು ಇವತ್ತಿನ ಸುದ್ದಿಯಲ್ಲ.

ಬ್ರೆಜಿಲ್‌ನ ಕಥೆ ನಿಜವೇ?

ನಿಜ. ನಗರದ ಹೆಸರು ಸಾವೊ ಪೌಲೊ. ಮೇಯರ್ ಗಿಲ್ಬರ್ಟೊ ಕಸಾಬ್ ಅವರ ಕಾಲದಲ್ಲಿ, 2006ರಲ್ಲಿ, ‘ಸ್ವಚ್ಛ ನಗರ’ ಎಂಬ ಕಾನೂನು ಬಂತು. 2007ರ ಜನವರಿಯಿಂದ ಜಾರಿಯಾಯಿತು. ಸುಮಾರು 15,000 ಹೋರ್ಡಿಂಗ್‌ಗಳು ಹೋದವು. ಅಂಗಡಿಗಳ ಬೋರ್ಡಿಗೂ ಅಂಗಡಿಯ ಮುಂಭಾಗದ ಅಗಲಕ್ಕೆ ತಕ್ಕ ಹಾಗೆ ಮಿತಿ ಹಾಕಿದರು. ಅಂದರೆ ಬೋರ್ಡು ಇರಬಹುದು, ಅಂಗಡಿಗಿಂತ ದೊಡ್ಡದಾಗುವ ಹಾಗಿಲ್ಲ.

ಫಾರ್ವರ್ಡ್‌ನಲ್ಲಿ ಇರದ ಎರಡು ಸಂಗತಿಗಳಿವೆ. ಒಂದು, ಫಲಕ ತೆಗೆದ ಮೇಲೆ ಬರೀ ಸುಂದರ ಕಟ್ಟಡಗಳು ಕಾಣಲಿಲ್ಲ. ಹಿಂದೆ ಮರೆಯಾಗಿದ್ದ ಕೊಳೆಗೇರಿಗಳು, ಬಣ್ಣ ಹೋದ ಗೋಡೆಗಳು ಕೂಡ ಕಂಡವು. ಜಾಹೀರಾತು ಊರಿನ ಚೆಲುವನ್ನು ಮುಚ್ಚುವ ಹಾಗೆ ಕೊರತೆಯನ್ನೂ ಮುಚ್ಚಿಟ್ಟಿತ್ತು. ಎರಡು, ಕೆಲವು ವರ್ಷಗಳ ನಂತರ ಆ ನಗರವೇ ಬಸ್ ತಂಗುದಾಣ ಮತ್ತು ಬೀದಿ ಗಡಿಯಾರಗಳ ಮೇಲೆ ಜಾಹೀರಾತಿಗೆ ಅವಕಾಶ ಕೊಟ್ಟಿತು, ಅವುಗಳ ನಿರ್ವಹಣೆಯ ಖರ್ಚಿಗೆ ಪ್ರತಿಯಾಗಿ. ಅಲ್ಲಿಯೂ ‘ಎಲ್ಲ ಜಾಹೀರಾತು’ ಹೋಗಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಹೊಸ ಕಟ್ಟಡ ಕಟ್ಟುವವರು ಬೆಳಗುವ ಫಲಕ ಹಾಕಲೇಬೇಕು ಎಂದು 1980ರ ದಶಕದಲ್ಲಿ ನಿಯಮ ಮಾಡಿದರು. ಲಂಡನ್ನಿನ ಪಿಕಡಿಲಿ ಸರ್ಕಸ್‌ನಲ್ಲಿ 1908ರಿಂದ ದೀಪದ ಜಾಹೀರಾತು ಇದೆ. ಅವನ್ನು ತೆಗೆದರೆ ಆ ಜಾಗಗಳ ಗುರುತೇ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಮೆಜೆಸ್ಟಿಕ್ಕಿನ ಕೆಂಪೇಗೌಡ ರಸ್ತೆ. ಚಿತ್ರಮಂದಿರದ ಮುಂದೆ ಮಹಡಿ ಎತ್ತರದ ಕಟೌಟ್, ಅದಕ್ಕೆ ಹೂವಿನ ಹಾರ. ಆ ರಸ್ತೆಯ ಗುಣವೇ ಅದಾಗಿತ್ತು. ಆದರೆ ಗಮನಿಸಿ, ಆ ಕಟೌಟು ನಿಂತಿದ್ದದ್ದು ಆ ಸಿನಿಮಾ ನಡೆಯುವ ಚಿತ್ರಮಂದಿರದ ಮುಂದೆಯೇ.

ಹಾಗಾದರೆ ಬಸವನಗುಡಿಯ ಗುಣ ಯಾವುದು?

‘ಊರಿನ ಕಳೆ’ ಎನ್ನುವಾಗ ಸಾಮಾನ್ಯವಾಗಿ ನೆನಪು, ಅಭಿರುಚಿಗಳ ಮಾತು ಬರುತ್ತದೆ. ಅಭಿರುಚಿಯ ವಿಷಯದಲ್ಲಿ ದೊಡ್ಡಪ್ಪನೂ ಮಾವನೂ ಎಂದೂ ಒಪ್ಪುವುದಿಲ್ಲ. ಆದರೆ ಈ ಬಡಾವಣೆಗಳ ಗುಣಕ್ಕೆ ಬರೀ ಅಭಿರುಚಿಯಲ್ಲದ ಒಂದು ಮೂಲ ಇದೆ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕೋಟೆ, ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಅದು ಬೇಗ ಹಬ್ಬಿತು. ಜನರನ್ನು ಅಲ್ಲಿಂದ ಹೊರಗೆ ನೆಲೆಗೊಳಿಸಲು ಬಸವನಗುಡಿ, ಮಲ್ಲೇಶ್ವರ ಬೆಳೆದವು. ನೇರ ರಸ್ತೆಗಳು, ಕ್ರಾಸುಗಳು, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್‌ವೆನ್ಸಿ ಗಲ್ಲಿ, ರಸ್ತೆಯ ಎರಡೂ ಬದಿ ಮರ. ಇದೆಲ್ಲ ಅಲಂಕಾರಕ್ಕಲ್ಲ, ಗಾಳಿ ಬೆಳಕು ಆಡಲಿ ಎಂದು. ಮಲ್ಲೇಶ್ವರದ ಎರಡು ದೊಡ್ಡ ರಸ್ತೆಗಳಿಗೆ ಸಂಪಿಗೆ ಮತ್ತು ಮಾರ್ಗೋಸಾ, ಅಂದರೆ ಬೇವು, ಎಂದು ಮರಗಳದ್ದೇ ಹೆಸರು.

ಹೀಗೆ ನೋಡಿದರೆ ಪ್ರಶ್ನೆ ಸುಲಭವಾಗುತ್ತದೆ. ಈ ಬಡಾವಣೆಗಳ ಗುಣ ಎಂದರೆ ಗಾಳಿ, ಬೆಳಕು, ಮರ, ನಡೆಯುವ ಜಾಗ. ಅಂಗಡಿಯ ತಲೆಬರಹ ಇವು ಯಾವುದನ್ನೂ ಕಿತ್ತುಕೊಳ್ಳುವುದಿಲ್ಲ. ಹೋರ್ಡಿಂಗ್ ಮತ್ತು ಫ್ಲೆಕ್ಸ್ ಬದುಕುವುದೇ ಇವುಗಳನ್ನು ಕಿತ್ತುಕೊಂಡು.

ಮರದ ವಿಷಯವನ್ನೇ ತೆಗೆದುಕೊಳ್ಳಿ. ಹೋರ್ಡಿಂಗ್ ದೂರದಿಂದ ಕಾಣಬೇಕು, ಮರ ಅದಕ್ಕೆ ಅಡ್ಡ. ನಗರದ ಪೂರ್ವ ಭಾಗದಲ್ಲಿ ಜಾಹೀರಾತು ಕಾಣಲೆಂದು ರಸ್ತೆ ಬದಿಯ ಮರಗಳಿಗೆ ಆ್ಯಸಿಡ್ ಹಾಕಿದರೆಂಬ ಆರೋಪಗಳು ವರದಿಯಾಗಿವೆ. ಅನುಮತಿಯಿಲ್ಲದೆ ಮರ ಕಡಿಯುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದ್ದರಿಂದ ಕಡಿಯದೆ ಸಾಯಿಸುವ ದಾರಿಗಳನ್ನು ಹುಡುಕುತ್ತಾರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಒಂದು ಉಂಗುರದಷ್ಟು ತೊಗಟೆ ಕೆತ್ತಿದರೂ ಬೇರು ಉಪವಾಸ ಬೀಳುತ್ತದೆ. ಮರ ಕೆಲವು ತಿಂಗಳು ಹಸಿರಾಗಿಯೇ ಇದ್ದು ಆಮೇಲೆ ಒಣಗುತ್ತದೆ. ಅಷ್ಟರಲ್ಲಿ ಯಾರು ಮಾಡಿದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆ. ಕಾಲೇಜಿನ ಉತ್ಸವಕ್ಕೆಂದು ನಾವೂ ಒಂದು ವರ್ಷ ರಸ್ತೆ ಬದಿಯ ಮರಗಳಿಗೆ ಬೈಂಡಿಂಗ್ ವೈರ್ ಸುತ್ತಿ ಫ್ಲೆಕ್ಸ್ ಕಟ್ಟಿದ್ದೆವು. ಉತ್ಸವ ಮುಗಿದ ಮೇಲೆ ಫ್ಲೆಕ್ಸ್ ಹರಿದುಕೊಂಡು ಬಂದೆವು, ವೈರ್ ಬಿಚ್ಚಲಿಲ್ಲ. ಬಿಚ್ಚಬೇಕೆಂಬುದೇ ಹೊಳೆದಿರಲಿಲ್ಲ. ಮರ ದಪ್ಪವಾಗುತ್ತಾ ಹೋದಂತೆ ಆ ವೈರ್ ತೊಗಟೆಯೊಳಗೆ ಹೂತುಹೋಗುತ್ತದೆ. ಕೆತ್ತುವವರು ಒಂದೇ ದಿನದಲ್ಲಿ ಮಾಡುವುದನ್ನು ಅದು ನಿಧಾನವಾಗಿ ಮಾಡುತ್ತದೆ. ನಿಮ್ಮ ರಸ್ತೆಯ ಮರವನ್ನು ಒಮ್ಮೆ ನೋಡಿ, ಎದೆಯೆತ್ತರದಲ್ಲಿ ಇಂಥ ಒಂದೆರಡು ಗೆರೆ ಕಾಣಬಹುದು.

ಗಾಳಿಯ ಲೆಕ್ಕ

ಮಳೆಗಾಲದ ಮುಂಚಿನ ಬಿರುಗಾಳಿಗೆ ಹೋರ್ಡಿಂಗ್ ಬಿದ್ದ ಸುದ್ದಿ ಪ್ರತಿವರ್ಷ ಬರುತ್ತದೆ. ‘ಅಷ್ಟು ಗಟ್ಟಿ ಕಬ್ಬಿಣ ಹೇಗೆ ಬೀಳುತ್ತದೆ?’ ಎಂದು ಹಲವರು ನಮ್ಮನ್ನು ಕೇಳಿದ್ದಾರೆ.

ಗಾಳಿ ಒಂದು ಫಲಕವನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಕಟ್ಟಡ ವಿನ್ಯಾಸಕ್ಕೆ ಬಳಸುವ ಭಾರತೀಯ ಮಾನಕದಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 66 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. 40 ಅಡಿ ಅಗಲ, 20 ಅಡಿ ಎತ್ತರದ ಒಂದು ಸಾಧಾರಣ ಹೋರ್ಡಿಂಗಿನ ವಿಸ್ತೀರ್ಣ 74 ಚದರ ಮೀಟರ್. ಗುಣಿಸಿದರೆ ಸುಮಾರು 5 ಟನ್. ದಸರೆಯಲ್ಲಿ ಅಂಬಾರಿ ಹೊರುವ ಆನೆ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಆ ಆನೆ ಪಕ್ಕಕ್ಕೆ ಒರಗಿಕೊಂಡರೆ ನಿಮ್ಮ ಪಕ್ಕದ ಮನೆಯ ಹಳೆಯ ತಾರಸಿಗೆ ಹಾಕಿದ ಬೋಲ್ಟು ತಡೆದೀತೇ ಎಂಬುದೇ ಪ್ರಶ್ನೆ. ಫ್ಲೆಕ್ಸ್ ಹಾಳೆ ಗಾಳಿಯನ್ನು ಒಳಗೆ ಬಿಡುವುದಿಲ್ಲ, ಅದು ಹಡಗಿನ ಹಾಯಿಯ ಹಾಗೆ ಕೆಲಸ ಮಾಡುತ್ತದೆ.

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಅಲ್ಲಿ ಅನುಮತಿಸಬಹುದಾದ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದ ಫಲಕ ಸುಮಾರು 120 ಅಡಿಗೆ 120 ಅಡಿ. ಅಗಲ, ಎತ್ತರ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು. ಒಂಬತ್ತು ಪಟ್ಟು ಗಾಳಿ. 2018ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಹೋರ್ಡಿಂಗಿನ ಚೌಕಟ್ಟು ಸಿಗ್ನಲ್‌ನಲ್ಲಿ ನಿಂತಿದ್ದ ವಾಹನಗಳ ಮೇಲೆ ಬಿದ್ದು ನಾಲ್ವರು ಸತ್ತರು. ಅಲ್ಲಿ ಗಾಳಿ ಕಾರಣವಲ್ಲ. ಆ ಚೌಕಟ್ಟನ್ನು ಕತ್ತರಿಸಿ ತೆಗೆಯುತ್ತಿದ್ದರು. ಬುಡದ ಕಡೆಯಿಂದ ಕತ್ತರಿಸಿದ್ದರು.

ಚಿಕ್ಕ ಫ್ಲೆಕ್ಸಿಗೆ ಈ ಅಪಾಯ ಇಲ್ಲವಲ್ಲ ಎನ್ನಬಹುದು. 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ರಸ್ತೆ ನಡುವೆ ಕಟ್ಟಿದ್ದ ಬ್ಯಾನರ್ ಸ್ಕೂಟರ್‌ನಲ್ಲಿ ಹೋಗುತ್ತಿದ್ದ 23 ವರ್ಷದ ಇಂಜಿನಿಯರ್ ಮೇಲೆ ಬಿತ್ತು. ಅವರು ಕೆಳಗೆ ಬಿದ್ದರು, ಹಿಂದಿನಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. 2024ರ ಜನವರಿಯಲ್ಲಿ ನಮ್ಮ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಹುಡುಗರು ವಿದ್ಯುತ್ ತಂತಿ ತಗುಲಿ ಸತ್ತರು. ಕಬ್ಬಿಣದ ಚೌಕಟ್ಟನ್ನು ಕತ್ತಲಲ್ಲಿ ಎತ್ತಿ ನಿಲ್ಲಿಸುವಾಗ ಮೇಲಿನ ತಂತಿ ಕಾಣುವುದಿಲ್ಲ. ‘ಹಾಕಿದರೆ ಯಾರಿಗೇನು ನಷ್ಟ’ ಎನ್ನುವವರಿಗೆ ನಾವು ಮೊದಲು ಹೇಳುವುದು ಈ ಮೂವರ ವಿಷಯ. ಫ್ಲೆಕ್ಸಿನಲ್ಲಿ ಮುಖ ಇರುವವರು ಏಣಿ ಹತ್ತುವುದಿಲ್ಲ.

ಗಾಡಿ ಓಡಿಸುವಾಗ ಗಮನ ತಪ್ಪುತ್ತದೆಯೇ?

ಇದು ಅರ್ಧ ಸಾಬೀತಾದ ವಿಷಯ. ರಸ್ತೆಯಿಂದ ಕಣ್ಣು ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಬೇರೆಡೆ ಇದ್ದರೆ ಅಪಘಾತದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ ಕಂಡುಬಂತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೆ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ಸ್ಟಾಕ್‌ಹೋಮ್ ಬಳಿಯ ಹೆದ್ದಾರಿಯಲ್ಲಿ ನಡೆದ ಅಧ್ಯಯನದಲ್ಲಿ ಚಾಲಕರು ಬೇರೆ ಫಲಕಗಳಿಗಿಂತ ಬದಲಾಗುವ ಎಲೆಕ್ಟ್ರಾನಿಕ್ ಫಲಕಗಳನ್ನು ಹೆಚ್ಚು ಹೊತ್ತು ನೋಡಿದ್ದು ಗೊತ್ತಾಯಿತು. ಸ್ಥಿರ ಫಲಕಗಳ ಬಗ್ಗೆ ಸಾಕ್ಷ್ಯ ಅಷ್ಟು ಸ್ಪಷ್ಟವಿಲ್ಲ. ‘ಹೋರ್ಡಿಂಗಿನಿಂದ ಇಷ್ಟು ಶೇಕಡಾ ಅಪಘಾತ’ ಎಂದು ಅಂಕಿ ಕೊಡುವ ಫಾರ್ವರ್ಡ್ ನೋಡಿದರೆ ಅನುಮಾನಿಸಿ.

ತಿರುವಿನಲ್ಲಿ ಕಟ್ಟಿದ ಫ್ಲೆಕ್ಸಿನ ತೊಂದರೆಗೆ ಮಾತ್ರ ಅಧ್ಯಯನ ಬೇಕಿಲ್ಲ. ಮಲ್ಲೇಶ್ವರದ ಯಾವುದಾದರೂ ಕ್ರಾಸಿನಿಂದ ಸ್ಕೂಟರ್‌ನಲ್ಲಿ ಸಂಪಿಗೆ ರಸ್ತೆಗೆ ಬರುವಾಗ ಮೂಲೆಯ ಕಂಬಿಗೆ ಕಟ್ಟಿದ ಫ್ಲೆಕ್ಸ್ ಎದುರಾದರೆ, ಆಚೆಯಿಂದ ಬರುವ ಬಸ್ಸು ಕಾಣುವುದಿಲ್ಲ.

ಪಾಲಿಕೆಯ ದುಡ್ಡು, ಕನ್ನಡದ ಬೋರ್ಡು

ಮಾವನ ದುಡ್ಡಿನ ಮಾತಿಗೆ ಬರೋಣ. ಬೆಂಗಳೂರು ಪಾಲಿಕೆಯ ದೊಡ್ಡ ಸ್ವಂತ ಆದಾಯ ಆಸ್ತಿ ತೆರಿಗೆ. 2024-25ರಲ್ಲಿ ಅದು ಸುಮಾರು 4,900 ಕೋಟಿ ರೂಪಾಯಿ. ಜಾಹೀರಾತಿನಿಂದ ಬರುವುದು ಅದರ ಪಕ್ಕದಲ್ಲಿ ಚಿಕ್ಕದು. ಜಿಎಸ್‌ಟಿ ತರಲು ಸಂವಿಧಾನಕ್ಕೆ 101ನೇ ತಿದ್ದುಪಡಿ ಮಾಡಿದಾಗ, ಜಾಹೀರಾತಿನ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳ ಪಟ್ಟಿಯಿಂದ ತೆಗೆದುಹಾಕಿದರು. ಪಾಲಿಕೆಗಳಿಗೆ ಈಗ ಉಳಿದಿರುವುದು ಲೈಸೆನ್ಸ್ ಶುಲ್ಕ, ಜಾಗದ ಬಾಡಿಗೆ, ಹರಾಜು ಇಂಥವು. ಚಿಕ್ಕದಾದರೂ ಅದು ಸುಳ್ಳು ಆದಾಯವಲ್ಲ. ನಗರದ ಎಷ್ಟೋ ಬಸ್ ತಂಗುದಾಣಗಳನ್ನು ಕಟ್ಟಿ ನೋಡಿಕೊಳ್ಳುತ್ತಿರುವುದು ಅವುಗಳ ಮೇಲೆ ಜಾಹೀರಾತು ಹಾಕುವ ಕಂಪನಿಗಳು. ಆ ವ್ಯವಸ್ಥೆ ಇರಲಿ ಎಂಬುದು ನಮ್ಮ ಅಭಿಪ್ರಾಯ ಕೂಡ. ಬಿಸಿಲಲ್ಲಿ ನಿಂತವರಿಗೆ ನೆರಳು ಸಿಗುತ್ತದೆ, ಫಲಕದ ಎತ್ತರವೂ ಮನುಷ್ಯನ ಎತ್ತರದ ಆಸುಪಾಸಿನಲ್ಲೇ ಇರುತ್ತದೆ. ಆದರೆ ಕಂಬಕ್ಕೆ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸಿನಿಂದ ಪಾಲಿಕೆಗೆ ಬರುವುದು ಸೊನ್ನೆ. ಅದನ್ನು ಇಳಿಸುವ ಕೂಲಿ ನಮ್ಮ ತೆರಿಗೆಯಿಂದಲೇ ಹೋಗುತ್ತದೆ.

ಇನ್ನೊಂದು ವಾದ: ‘ಫ್ಲೆಕ್ಸ್ ಇರುವುದರಿಂದಲೇ ಬೆಂಗಳೂರಿನಲ್ಲಿ ಕನ್ನಡ ಕಾಣುತ್ತಿದೆ.’ ಭಾವನೆ ಅರ್ಥವಾಗುತ್ತದೆ. ಆದರೆ ಕನ್ನಡವನ್ನು ಬೀದಿಯಲ್ಲಿ ಕಾಯಂ ಉಳಿಸುವುದು ಅಂಗಡಿಯ ಬೋರ್ಡು. ಬೋರ್ಡಿನ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದದ್ದು, 2024ರಲ್ಲಿ ಅದಕ್ಕೆ ಕಾನೂನಿನ ತಿದ್ದುಪಡಿ ಆದದ್ದು ಅದಕ್ಕೇ. ಹತ್ತು ದಿನ ಇದ್ದು ಚರಂಡಿಗೆ ಬೀಳುವ ಫ್ಲೆಕ್ಸಿಗಲ್ಲ. ಕನ್ನಡದ ಬೋರ್ಡ್ ಬರೆಯುತ್ತಿದ್ದ ಪೇಂಟರ್‌ಗಳ ಕೆಲಸವನ್ನು ತಿಂದದ್ದೇ ಫ್ಲೆಕ್ಸ್. ಅವರು ಕುಂಚದಿಂದ ಬರೆಯುತ್ತಿದ್ದ ಒತ್ತಕ್ಷರಗಳ ದುಂಡು ಒಬ್ಬೊಬ್ಬರದು ಒಂದೊಂದು ಥರ ಇರುತ್ತಿತ್ತು. ಈಗ ಎಲ್ಲ ಫ್ಲೆಕ್ಸಿಗೂ ಅದೇ ನಾಲ್ಕೈದು ಫಾಂಟು, ಕಾಗುಣಿತ ತಪ್ಪಿದರೂ ಕೇಳುವವರಿಲ್ಲ. ಚಾಮರಾಜಪೇಟೆಯಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಆಸುಪಾಸಿನಲ್ಲೇ, ‘ಹಾರ್ದಿಕ’ವನ್ನು ‘ಹಾರ್ಧಿಕ’ ಎಂದು ಬರೆದ ಫ್ಲೆಕ್ಸ್ ನೋಡಿ ನಾವು ನಕ್ಕಿದ್ದೂ ಇದೆ.

ಇಳಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಫ್ಲೆಕ್ಸ್ ಬಟ್ಟೆಯಲ್ಲ. ಪಾಲಿಯೆಸ್ಟರ್ ನೇಯ್ಗೆಯ ಎರಡೂ ಬದಿಗೆ ಪಿವಿಸಿ ಪ್ಲಾಸ್ಟಿಕ್ ಮೆತ್ತಿದ ಹಾಳೆ. ಎರಡು ಬೇರೆ ಪ್ಲಾಸ್ಟಿಕ್‌ಗಳು ಅಂಟಿಕೊಂಡಿರುವುದರಿಂದ ಮರುಬಳಕೆ ಕಷ್ಟ. ಸುಟ್ಟರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಮತ್ತು ಡಯಾಕ್ಸಿನ್ ಎಂಬ ವಿಷ ಹೊರಬರುತ್ತವೆ. ಡಯಾಕ್ಸಿನ್ ಕ್ಯಾನ್ಸರ್‌ಕಾರಕ. ಕಸದ ರಾಶಿಗೆ ಬೆಂಕಿ ಹಚ್ಚಿದಾಗ ಮೂಗಿಗೆ ಹೊಡೆಯುವ ಹೊಗೆಯಲ್ಲಿ ಇದೂ ಇರಬಹುದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ತರಕಾರಿ ಅಂಗಡಿಯಲ್ಲಿ ಕವರ್ ಕೇಳಿದರೆ ‘ಬ್ಯಾನ್ ಆಗಿದೆ’ ಎನ್ನುತ್ತಾರೆ. ಅದೇ ಆದೇಶದಲ್ಲಿರುವ ಫ್ಲೆಕ್ಸ್ ಅಂಗಡಿಯ ತಲೆ ಮೇಲೆಯೇ ತೂಗುತ್ತಿರುತ್ತದೆ. ಇಳಿಸಿದ ಫ್ಲೆಕ್ಸಿಗೆ ಒಂದು ಒಳ್ಳೆಯ ಗತಿಯೂ ಇದೆ: ಕಟ್ಟಡ ಕೆಲಸದವರ ಶೆಡ್ಡಿಗೆ, ತಳ್ಳುಗಾಡಿಗೆ ಅದೇ ಸೂರು. ಮಳೆಗಾಲದಲ್ಲಿ ಯಾವುದೋ ನಾಯಕರ ನಗುಮುಖದ ಕೆಳಗೆ ಸೊಪ್ಪು ಮಾರುವವರನ್ನು ನೀವೂ ನೋಡಿರುತ್ತೀರಿ.

ನಿಮ್ಮ ಸರ್ಕಲ್‌ನಲ್ಲಿ ನೇತಾಡುತ್ತಿದ್ದರೆ

ಚಿಕ್ಕಮ್ಮನಿಗೆ ನಾವು ಹೇಳಿದ್ದು ಇಷ್ಟು. ಫಾರ್ವರ್ಡ್ ಮಾಡುವ ಬದಲು ಒಂದು ಫೋಟೋ ತೆಗೆಯಿರಿ. ಫ್ಲೆಕ್ಸ್ ಪೂರ್ತಿ ಕಾಣಬೇಕು, ಹಿಂದೆ ಗುರುತಿಗೆ ಅಂಗಡಿಯೋ ಕ್ರಾಸಿನ ಹೆಸರಿನ ಕಲ್ಲೋ ಬರಬೇಕು. ವಿದ್ಯುತ್ ಕಂಬಕ್ಕೆ ಕಟ್ಟಿದ್ದರೆ ಕಂಬದ ಸಂಖ್ಯೆಯೂ ಇರಲಿ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ಆದ್ದರಿಂದ ದೂರಿನಲ್ಲಿ ವಾರ್ಡಿನ ಹೆಸರು ಬರೆಯುವುದು ಒಳ್ಳೆಯದು. ಪಾಲಿಕೆಯ ಸಹಾಯವಾಣಿ 1533. ಕರೆ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ, ಅದಿಲ್ಲದೆ ಮುಂದಿನ ವಾರ ವಿಚಾರಿಸಲು ಆಗುವುದಿಲ್ಲ. ಫ್ಲೆಕ್ಸಿನ ಮೂಲೆಯಲ್ಲಿ ಮುದ್ರಕರ ಹೆಸರೋ ಫೋನ್ ನಂಬರೋ ಇದ್ದರೆ ಅದೂ ಫೋಟೋದಲ್ಲಿ ಬರಲಿ. ನೀವೇ ಹತ್ತಿ ಬಿಚ್ಚಲು ಹೋಗಬೇಡಿ. ತಂತಿ ಹತ್ತಿರವಿರುತ್ತದೆ, ಕಟ್ಟಿದವರೂ ಹತ್ತಿರವೇ ಇರುತ್ತಾರೆ.

ಮರಕ್ಕೆ ಸುತ್ತಿದ ಹಳೆಯ ವೈರ್ ಕೈಗೆಟಕುವಂತಿದ್ದರೆ ಮಾತ್ರ ಒಂದು ಇಕ್ಕಳ ತೆಗೆದುಕೊಂಡು ಹೋಗಿ ಕತ್ತರಿಸಬಹುದು. ತೊಗಟೆಯೊಳಗೆ ಹೂತುಹೋಗಿರುವ ಭಾಗವನ್ನು ಎಳೆಯಬೇಡಿ, ಹೊರಗಿರುವಷ್ಟನ್ನು ಕತ್ತರಿಸಿ ಬಿಗಿ ಸಡಿಲಿಸಿದರೆ ಸಾಕು.